ಅಂಕಸಮುದ್ರದ ದಾರಿಯಲ್ಲಿ ಮನೆ-ಮೋಟಾರು

ಬಳ್ಳಾರಿಯ ಸೀಮೆಯೆಂದರೆ ಬಿಸಿಲು, ಬಂಡೆ, ಜಾಲಿಮುಳ್ಳು ಇಷ್ಟೆಯೆಂದು ಎಣಿಸುವವರು ಬಹುಮಂದಿಯುಂಟು. ಆ ಎಣಿಕೆ ಸುಳ್ಳಲ್ಲವಾದರೂ ಪೂರ್ಣವಲ್ಲ. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿ, ತಂಬ್ರಹಳ್ಳಿಯ ಸುತ್ತುಮುತ್ತ, ಅದೇ ಬಿಸಿಲಿನ ಕೆಳಗೆ ನೀರಿನದೊಂದು ರಾಜ್ಯವಿರುವುದು. ಕಳೆದ ಮಾಘಮಾಸದಲ್ಲಿ ನಾವು ಅಲ್ಲಿ ನಾಲ್ಕು ದಿನ ಸಂಚರಿಸಿ ಬಂದೆವು.

ನಮ್ಮ ವಾಹನವು ಸೋದರಳಿಯನದು, ಮನೆ-ಮೋಟಾರೆಂದು ಕರೆಯಬಹುದು. ಮಂಚ, ಒಲೆ, ನೀರಿನ ತೊಟ್ಟಿ ಎಲ್ಲವೂ ಅದರೊಳಗೇ ಉಂಟು. ಹಿಂದಿನವರು ಕಮಾನುಬಂಡಿಯಲ್ಲಿ ಪಾತ್ರೆಪಡಗಗಳನ್ನು ಹೇರಿಕೊಂಡು ಜಾತ್ರೆಗೆ ಹೋಗುತ್ತಿದ್ದುದಕ್ಕೂ ಇದಕ್ಕೂ ಹೆಚ್ಚಿನ ಭೇದವಿಲ್ಲ. ಆಗ ನಾಯಿಯು ಬಂಡಿಯ ನೆರಳಿನಲ್ಲಿ ನಡೆದುಬರುತ್ತಿದ್ದಿತು. ಈಗ ಒಳಗೆ ಕುಳಿತು ಬಂದಿತು. ಭೈರನೆಂಬುದು ಅದರ ಹೆಸರು.

ಈ ಸೀಮೆಯಲ್ಲಿ ನಾಯಿಯೊಡನೆ ತಿರುಗುವುದು ಯಾರಿಗೂ ಸೋಜಿಗವೆನಿಸದು. ಹತ್ತಿರದ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಮೈಲಾರಲಿಂಗನ ಗೊರವರು ತಮ್ಮನ್ನು ದೇವರ ನಾಯಿಗಳೆಂದೇ ಭಾವಿಸಿ, ದೋಣಿಯೆಂಬ ಪಾತ್ರೆಯಲ್ಲಿ ಪ್ರಸಾದವನ್ನು ಸ್ವೀಕರಿಸುವರು. ಮಹಾಭಾರತದ ಕೊನೆಯಲ್ಲಿ ಧರ್ಮರಾಯನಿಗೆ ಬಂದ ಪರೀಕ್ಷೆಯೂ ವಾಹನದ್ದೇ ಅಲ್ಲವೆ? ಇಂದ್ರನ ರಥ ಮುಂದೆ ನಿಂತಿದ್ದರೂ, ಜೊತೆಗೆ ಬಂದ ನಾಯಿಯನ್ನು ಬಿಟ್ಟು ಏರಲಾರೆನೆಂದನು. ನಮಗೆ ಬಂದ ಪರೀಕ್ಷೆ ಅಷ್ಟು ದೊಡ್ಡದಲ್ಲ. ಆದರೂ ಅದೇ ಜಾತಿಯದು.

ಮೊದಲು ಹಿನ್ನೀರನ್ನು ಕಂಡೆವು. 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟು ತುಂಬಿದಾಗ ನೀರು ಸುಮಾರು 378 ಚದರ ಕಿಲೋಮೀಟರು ಹರಡುವುದು. ಅನೇಕ ಹಳ್ಳಿಗಳು ಅದರಡಿಯಲ್ಲಿ ಮುಳುಗಿವೆ. ಚಳಿಗಾಲ ಕಳೆಯುತ್ತ ನೀರು ಹಿಂದೆ ಸರಿದಂತೆಲ್ಲ ಕೆಸರಿನ ಬಯಲು ತೆರೆದುಕೊಳ್ಳುವುದು. ಹಕ್ಕಿಗಳಿಗೆ ಅದೇ ಅನ್ನಸತ್ರ. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳೂ ಈ ಸೀಮೆಗೆ ಇಳಿಯುವುವು. ಸಂಸ್ಕೃತ ಕವಿಗಳ ಹಂಸಗಳು ಮಾನಸ ಸರೋವರಕ್ಕೆ ಪಯಣ ಹೊರಡುವುದನ್ನು ತರಗತಿಯಲ್ಲಿ ವಿವರಿಸುತ್ತಿದ್ದ ನಮಗೆ, ಉತ್ತರದಿಂದ ಬಂದ ಆ ಅತಿಥಿಗಳನ್ನು ನೆನೆದು ಮನಸ್ಸು ತುಂಬಿಬಂದಿತು.

ಅಲ್ಲಿಂದ ಅಂಕಸಮುದ್ರಕ್ಕೆ ಬಂದೆವು. ಇದು ಶತಮಾನಗಳ ಹಿಂದೆ ಬೇಸಾಯಕ್ಕಾಗಿ ಕಟ್ಟಿದ ಊರ ಕೆರೆ. ವಿಸ್ತೀರ್ಣ ಬರಿಯ 98.76 ಹೆಕ್ಟೇರು, ಅಂದರೆ ಸುಮಾರು 244 ಎಕರೆ. ನೀರಿನ ನಡುವೆ ಕರಿಜಾಲಿಯ ಮರಗಳು ನಿಂತಿವೆ. ಮುಳ್ಳು ಮನುಷ್ಯನಿಗೆ ಬೇಲಿ, ಹಕ್ಕಿಗೆ ತೊಟ್ಟಿಲು. ಬಣ್ಣದ ಕೊಕ್ಕರೆ, ಕರಿತಲೆಯ ಕೆಂಬರಲು, ನೀರುಕಾಗೆ, ಬೆಳ್ಳಕ್ಕಿ ಮೊದಲಾದವು ಇಲ್ಲಿವೆ. ಗೂಡುಕಟ್ಟುವ ಮತ್ತು ತಂಗುವ ನೀರುಹಕ್ಕಿಗಳ ಸಂಖ್ಯೆ 30,000ಕ್ಕೂ ಮೇಲೆಂದೂ, ಒಟ್ಟು ಹಕ್ಕಿಗಳ ಜಾತಿ 240 ಎಂದೂ ಲೆಕ್ಕವಿದೆ. 2017ರಲ್ಲಿ ಸರ್ಕಾರವು ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಎಂದು ಸಾರಿತು. 2024ರಲ್ಲಿ ಇದು ರಾಮ್ಸಾರ್ ಪಟ್ಟಿಗೆ ಸೇರಿತು. ಜಗತ್ತಿನ ಮುಖ್ಯವಾದ ಜೌಗುನೆಲಗಳನ್ನು ಕಾಯಲೆಂದು 1971ರಲ್ಲಿ ಇರಾನಿನ ರಾಮ್ಸಾರ್ ಎಂಬ ಊರಿನಲ್ಲಿ ದೇಶಗಳು ಮಾಡಿಕೊಂಡ ಒಪ್ಪಂದದ ಪಟ್ಟಿಯದು.

ಏರಿಗೆ ದೂರದಲ್ಲಿಯೇ ಮೋಟಾರನ್ನು ನಿಲ್ಲಿಸಿದಾಗ ಎಮ್ಮೆ ಕಾಯುತ್ತಿದ್ದ ವೃದ್ಧರೊಬ್ಬರು ಬಳಿಗೆ ಬಂದರು. “ಯಜಮಾನ್ರ, ನಾಯಿನ ಏರಿಗೆ ತರಬ್ಯಾಡ್ರಿ. ಒಂದು ಹಕ್ಕಿ ಎದ್ದರ ಎಲ್ಲಾ ಏಳ್ತಾವ. ಮರಿ ಬಿಸಿಲಿಗೆ ಬೀಳ್ತಾವ” ಎಂದರು. ಆ ಮಾತಿನಲ್ಲಿ ದೊಡ್ಡ ಶಾಸ್ತ್ರವೇ ಅಡಗಿದೆ. ತಾಯಿಹಕ್ಕಿ ರೆಕ್ಕೆ ಬಿಚ್ಚಿ ಮರಿಗೆ ನೆರಳಾಗಿರುವುದು. ಅದು ಬೆದರಿ ಎದ್ದರೆ ಒಂದು ಕಡೆ ಸುಡುಬಿಸಿಲು, ಇನ್ನೊಂದು ಕಡೆ ಕಾಗೆ-ಹದ್ದುಗಳು.

“ಮಾವ, ಹಾಗಿದ್ದರೆ ಕಿಟಕಿ ಮುಚ್ಚಿ ಇದನ್ನು ಒಳಗೇ ಬಿಟ್ಟು ಹೋಗೋಣವೆ?” ಎಂದು ಅಳಿಯನು ಕೇಳಿದನು. ಅದೂ ಸಲ್ಲದು. ಮುಚ್ಚಿದ ಮೋಟಾರು ಬಿಸಿಲಿನಲ್ಲಿ ಸ್ವಲ್ಪ ಹೊತ್ತಿಗೇ ಒಲೆಯಾಗುವುದು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುವುದೇ ಅದು ಮೈ ತಂಪು ಮಾಡಿಕೊಳ್ಳುವ ಮುಖ್ಯ ಬಗೆ. ಸುತ್ತಲಿನ ಗಾಳಿಯೇ ಕಾದರೆ ಆ ಉಪಾಯವೂ ಸೋತು ಪ್ರಾಣಕ್ಕೆ ಕುತ್ತು ಬರುವುದು. ಹಕ್ಕಿಯ ಮರಿಯನ್ನು ಉಳಿಸಹೋಗಿ ನಂಬಿಬಂದ ಪ್ರಾಣಿಯನ್ನು ಸುಡುವುದು ಧರ್ಮವಾಗದು.

ಕಡೆಗೆ ಸರದಿಯನ್ನು ಗೊತ್ತುಮಾಡಿದೆವು. ಒಬ್ಬರು ದೂರದ ಬೇವಿನ ನೆರಳಿನಲ್ಲಿ ಭೈರನೊಡನೆ ಕುಳಿತಿರುವುದು. ಇನ್ನೊಬ್ಬರು ಏರಿಯ ಮೇಲೆ ಹೋಗುವುದು. ಮೊದಲ ಸಂಜೆ ಅಳಿಯನು ಹೋದನು. ಹಕ್ಕಿಗಳ ಸಾಲುಗಳು ನಮ್ಮ ತಲೆಯ ಮೇಲೆ ಹಾದುಹೋದುದನ್ನು ಮಾತ್ರ ನಾವು ಕಂಡೆವು. ಮರುದಿನ ಸಂಜೆ ನಮ್ಮ ಸರದಿ. ಮೇವಿಗೆ ಹೋದ ಕೊಕ್ಕರೆಗಳು ಗುಂಪುಗುಂಪಾಗಿ ಮರಳಿ ಜಾಲಿಯ ಮೇಲೆ ಇಳಿದುವು; ಹಸಿದ ಮರಿಗಳ ಕೂಗಿನಿಂದ ಕೆರೆಯೆಲ್ಲ ಸಂತೆಯಾಯಿತು. ಕತ್ತಲೆಯಾಗುವ ತನಕ ನಾವು ತುಟಿ ಬಿಚ್ಚದೆ ನಿಂತೆವು.

ಇತ್ತ ಬರುವ ಗೃಹಸ್ಥರಿಗೆ ಎರಡು ಮಾತು ಹೇಳತಕ್ಕದ್ದಿದೆ. ಪಾತ್ರೆ ತೊಳೆದ ಸಾಬೂನಿನ ನೀರನ್ನು ಕೆರೆಯ ಬಳಿ ಚೆಲ್ಲಬಾರದು. ಉಳಿದ ಅನ್ನವನ್ನು ದಡದಲ್ಲಿ ಹಾಕಿದರೆ ಕಾಗೆ, ಬೀದಿನಾಯಿಗಳನ್ನು ನಾವೇ ಕರೆದಂತಾಗುವುದು. ಕೆರೆ ಕಟ್ಟಿಸುವುದನ್ನು ನಮ್ಮ ಹಿರಿಯರು ಸಪ್ತಸಂತಾನಗಳಲ್ಲಿ ಎಣಿಸಿದರು. ಅಂಕಸಮುದ್ರವನ್ನು ಕಟ್ಟಿದವರ ಆ ಸಂತಾನವನ್ನು ಇಂದು ಎಮ್ಮೆ ಕಾಯುವ ಮುದುಕರೂ ಮನೆಯ ಮಗುವಿನಂತೆ ಕಾಯುತ್ತಿರುವರು. ಒಂದೆರಡು ದಿನದ ಅತಿಥಿಗಳಾದ ನಮ್ಮಿಂದ ಅದರ ನಿದ್ದೆ ಕೆಡದಿದ್ದರೆ ಸಾಕು.