ಗೈರೋ, ಜೈರೋ, ಯೀರೊಸ್

ಬಿ.ಎಸ್ಸಿ. ಓದಿದವರಿಗೆ ಗ್ರೀಕ್ ಅಕ್ಷರಗಳೊಡನೆ ಬಹುದಿನದ ಸಲಿಗೆ ಇರುತ್ತದೆ. ಆಲ್ಫಾ, ಬೀಟಾ, ಗಾಮಾ ಎಂದು ಕಿರಣಗಳನ್ನು ಎಣಿಸಿದ್ದೇವೆ. ಗಾಜಿನ ವಕ್ರೀಭವನಾಂಕಕ್ಕೆ ಮ್ಯೂ, ಬೆಳಕಿನ ಆವೃತ್ತಿಗೆ ನ್ಯೂ ಎಂದಿದ್ದೇವೆ. ವೃತ್ತ ಕಂಡಲ್ಲೆಲ್ಲ ಪೈ ಹಚ್ಚಿದ್ದೇವೆ. ಆದರೆ ಈ ಸಲಿಗೆಯನ್ನು ನಂಬಿಕೊಂಡು ಅಥೆನ್ಸಿಗೆ ಹೋದವನನ್ನು ಕಂಡು ಅಲ್ಲಿಯ ಪ್ರಾಥಮಿಕ ಶಾಲೆಯ ಹುಡುಗನೂ ನಕ್ಕಾನು. ಇಂದಿನ ಗ್ರೀಕರ ಬಾಯಲ್ಲಿ ಬೀಟಾ ‘ವೀತಾ’, ಮ್ಯೂ ‘ಮೀ’, ನ್ಯೂ ‘ನೀ’, ಪೈ ‘ಪೀ’. ನಾವು ಈಟಾ ಎಂದು ಕಲಿತದ್ದಂತೂ ಹೆಚ್ಚುಕಡಿಮೆ ನಮ್ಮ ‘ಈತ’ನೇ. ನಮ್ಮ ಮೇಷ್ಟರುಗಳದೇನೂ ತಪ್ಪಿಲ್ಲ. ಅವರಿಗೆ ಈ ಅಕ್ಷರಗಳು ಬಂದದ್ದು ಗ್ರೀಸಿನಿಂದಲ್ಲ, ಇಂಗ್ಲೆಂಡಿನಿಂದ.

ಅಕ್ಷರಗಳ ಪಾಡೇ ಹೀಗಾದಮೇಲೆ, ಆ ಅಕ್ಷರಗಳಲ್ಲಿ ಬರೆದ ತಿಂಡಿಗಳ ಪಾಡೇನು? ಈಗ ನಮ್ಮ ಮುಂಬಯಿಯಲ್ಲಿ ಗ್ರೀಕ್ ತಿನಿಸಿನ ಹೋಟೆಲುಗಳಿವೆ. ಕಿರಾಣಿ ಅಂಗಡಿಯ ಶೀತಪೆಟ್ಟಿಗೆಯಲ್ಲಿ ‘ಗ್ರೀಕ್ ಯೋಗರ್ಟ್’ ಎಂಬ ಗಟ್ಟಿಮೊಸರು ಕೂತಿದೆ. ತಿನ್ನುವುದು ಸುಲಭ, ಕೇಳಿ ತರಿಸಿಕೊಳ್ಳುವುದು ಕಷ್ಟ. ಕೆಲವರಿಗೆ ಇದು ಬರೀ ತಮಾಷೆಯ ವಿಷಯವಾಗಿ ಉಳಿಯುವುದಿಲ್ಲ ಎನ್ನುವುದನ್ನು ನಾನು ಕಣ್ಣಾರೆ ಕಂಡೆ.

ಅಧಿಕಾರಿಯೊಬ್ಬರಿಗೆ ಬಡ್ತಿಯಾದ ಸಂತೋಷಕ್ಕೆ ನಮ್ಮನ್ನೆಲ್ಲ ಅಂಥ ಒಂದು ಹೋಟೆಲಿಗೆ ಕರೆದೊಯ್ದಿದ್ದರು. ಯಾದಗಿರಿ ಕಡೆಯಿಂದ ಆಯ್ಕೆಯಾಗಿ ಬಂದು ಇನ್ನೂ ಆರು ತಿಂಗಳಾಗದ ಹುಡುಗನೊಬ್ಬ ನಮ್ಮಲ್ಲಿದ್ದಾನೆ. ಏನು ಬೇಕೆಂದು ಕೇಳಿದಾಗ ಅವನು ಪಟ್ಟಿಯಲ್ಲಿದ್ದ ಇಂಗ್ಲಿಷ್ ಅಕ್ಷರಗಳನ್ನು ಇದ್ದ ಹಾಗೇ ಕೂಡಿಸಿ ‘ಗೈರೋಸ್’ ಎಂದ. ಮೇಜಿನ ತುಂಬ ನಗು. “ಗೈರ್‌ಹಾಜರ್ ಆದರೆ ಸಂಬಳ ಕಟ್” ಎಂದರು ಒಬ್ಬರು. ಇನ್ನೊಬ್ಬರು, ಎರಡು ಸಲ ಅಮೆರಿಕಕ್ಕೆ ಹೋಗಿ ಬಂದವರು, “ಗೈರೋ ಅಲ್ಲ, ಜೈರೋ” ಎಂದು ತಿದ್ದಿದರು. ಹುಡುಗ ಹಸಿವಿಲ್ಲವೆಂದು ಬರೀ ರೊಟ್ಟಿ ಮುರಿಯುತ್ತ ಕೂತ. ಅದಾದ ಮೇಲೆ ಮೂರು ವಾರ ಕಚೇರಿಯ ಸಭೆಯಲ್ಲಿ ಅವನ ಬಾಯಿಂದ ಒಂದು ಮಾತು ಹೊರಡಲಿಲ್ಲ. ಬರೆದು ಕೊಡುವುದೆಲ್ಲ ಕೊಟ್ಟ, ಓದಿ ಹೇಳು ಎಂದರೆ ಮಾತ್ರ ಕಾಗದವನ್ನು ಪಕ್ಕದವನಿಗೆ ದಾಟಿಸಿಬಿಡುತ್ತಿದ್ದ.

ಒಂದು ಸಂಜೆ ಲೋಕಲ್ ರೈಲಿನಲ್ಲಿ ಅವನೇ ಕೇಳಿದ: “ಸರ, ಅದನ್ನ ಖರೇನ ಹ್ಯಾಂಗ ಅಂತಾರ್ರೀ?” ನಾನು ಅಷ್ಟರಲ್ಲಿ ನಾಲ್ಕು ರಾತ್ರಿ ನಿಘಂಟು ಹಿಡಿದು, ಗ್ರೀಕರೇ ಮಾತಾಡುವ ಧ್ವನಿಮುದ್ರಣಗಳನ್ನು ಕೇಳಿ ಸಿದ್ಧನಾಗಿದ್ದೆ. “ಗೈರೋನೂ ಅಲ್ಲ, ಜೈರೋನೂ ಅಲ್ಲಪ್ಪಾ, ಯೀರೊಸ್” ಎಂದೆ. “ಅಂದ್ರ ನಕ್ಕವ್ರಿಗೂ ಗೊತ್ತಿದ್ದಿಲ್ಲೇನ್ರಿ?” ಎಂದ. ಇಲ್ಲ, ಅವರಿಗೂ ಗೊತ್ತಿರಲಿಲ್ಲ.

ಗ್ರೀಕಿನ ಗಾಮಾ ಅಕ್ಷರ ‘ಇ’, ‘ಎ’ ಸ್ವರಗಳ ಮುಂದೆ ಬಂದರೆ ‘ಯ’ಕಾರಕ್ಕೆ ವಾಲುತ್ತದೆ. ಅದಕ್ಕೇ ಯೀರೊಸ್. ಅಂದರೆ ಸುತ್ತು, ತಿರುಗು. ಮಾಂಸದ ಪದರಗಳನ್ನು ನೆಟ್ಟಗೆ ನಿಂತ ಕಂಬಿಗೆ ಪೋಣಿಸಿ, ಬೆಂಕಿಯ ಮುಂದೆ ತಿರುಗಿಸುತ್ತ ಬೇಯಿಸಿ ಹೆರೆದು ಕೊಡುವ ತಿನಿಸು ಅದು. (ನಾನು ತಿನ್ನುವವನಲ್ಲ; ಆದರೆ ಹೆಸರಿಗೆ ಮಡಿಯಿಲ್ಲವಷ್ಟೆ.) 1852ರಲ್ಲಿ ಫ್ರಾನ್ಸಿನ ಫೂಕೋ ತನ್ನ ತಿರುಗುವ ಯಂತ್ರಕ್ಕೆ ಇದೇ ಮಾತಿನಿಂದ ಹೆಸರು ಕಟ್ಟಿದ. ಅದೇ ನಾವು ಪದಾರ್ಥವಿಜ್ಞಾನದಲ್ಲಿ ಓದಿದ ಜೈರೋಸ್ಕೋಪು. ಹಾಗಾಗಿ ‘ಜೈರೋ’ ಎನ್ನುವುದು ಪ್ರಯೋಗಶಾಲೆಗೆ ಸರಿ, ಅಡಿಗೆಮನೆಗಲ್ಲ. ಇನ್ನು ಕೊನೆಯ ‘ಸ್’ ಗ್ರೀಕಿನಲ್ಲಿ ಏಕವಚನದ ಗುರುತು. ಅಮೆರಿಕದವರು ಅದನ್ನು ಬಹುವಚನವೆಂದು ತಿಳಿದು, ಒಂದೇ ಆದರೆ ಸ್ ಏಕೆಂದು ಕಿತ್ತು ಹಾಕಿದರು!

ಈ ಹೆಸರಿಗೂ ಒಂದು ಕಥೆಯಿದೆ. ಈ ಅಡಿಗೆ ತುರ್ಕಿಯ ದೋನೆರ್ ಕಬಾಬಿನ ಸಂತಾನ. ದೋನೆರ್ ಎಂದರೂ ತಿರುಗುವುದೇ. ಅರಬರ ಶವರ್ಮಾ ಕೂಡ ತಿರುಗಿಸುವುದೆಂಬ ಇನ್ನೊಂದು ತುರ್ಕಿ ಮಾತಿನಿಂದ ಬಂದದ್ದು. 1923ರಲ್ಲಿ ಗ್ರೀಸೂ ತುರ್ಕಿಯೂ ತಮ್ಮ ಜನರನ್ನು ಅದಲುಬದಲು ಮಾಡಿಕೊಂಡಾಗ ಲಕ್ಷಾಂತರ ನಿರಾಶ್ರಿತರು ಮನೆಮಠ ಬಿಟ್ಟು ಬಂದರು, ಅಡಿಗೆಯನ್ನು ಮಾತ್ರ ಜೊತೆಗೆ ತಂದರು. ಬಹುಕಾಲ ಅಥೆನ್ಸಿನಲ್ಲೂ ಅದು ದೋನೆರ್ ಎಂದೇ ನಡೆಯಿತು. 1974ರ ಸೈಪ್ರಸ್ ಗಲಭೆಯ ಕಾಲದಲ್ಲಿ ತುರ್ಕಿ ಹೆಸರು ಬಾಯಿಗೆ ಕಹಿಯಾಗಿ ಯೀರೊಸ್ ನೆಲೆಯೂರಿತು. ‘ತುರ್ಕಿ ಕಾಫಿ’ ಕೂಡ ‘ಗ್ರೀಕ್ ಕಾಫಿ’ ಆಯಿತು. ಬಟ್ಟಲೂ ಅದೇ, ಬುಡದ ಗಸಿಯೂ ಅದೇ.

ನಾಲಿಗೆಯ ವಿಚಾರದಲ್ಲಿ ನಾವು ಗ್ರೀಕಿಗೆ ಇಂಗ್ಲಿಷಿನವರಿಗಿಂತ ಎಷ್ಟೋ ಹತ್ತಿರದವರು, ಆದರೆ ನಡುವೆ ಇಂಗ್ಲಿಷ್ ನಿಂತು ನಮ್ಮನ್ನು ದೂರ ಮಾಡಿದೆ. ಫೆತಾ ಎಂಬ ಚೀಸನ್ನೇ ತೆಗೆದುಕೊಳ್ಳಿ. ಗ್ರೀಕರ ‘ತ’ ಹಲ್ಲಿಗೆ ನಾಲಿಗೆ ತಾಗಿಸಿ ಆಡುವ, ನಮ್ಮ ತಾಯಿ-ತಂದೆಯ ‘ತ’. ಇಂಗ್ಲಿಷಿನವರಿಗೆ ಅದು ಇಲ್ಲ. ಅವರ ‘ಟಿ’ಯನ್ನು ಕಂಡು ನಾವು ಟಕಾರ ಹಾಕಿ ಫೆಟಾ, ಪಿಟಾ ಎಂದೆವು. ಕೈಯಲ್ಲೇ ಇದ್ದ ತಕಾರವನ್ನು ಬಿಟ್ಟು ಟಕಾರಕ್ಕೆ ಹೋದದ್ದು. ಅದರಲ್ಲೂ ಮಹಾರಾಷ್ಟ್ರದಲ್ಲಿ ‘ಫೇಟಾ’ ಎಂದರೆ ತಲೆಗೆ ಸುತ್ತುವ ಪೇಟ! ‘ಹೋರ್ಯಾತಿಕಿ’, ಅಂದರೆ ಹಳ್ಳಿಯ ಕಡೆಯದು, ಎಂಬ ಗ್ರೀಕ್ ಕೋಸಂಬರಿ ಇದೆ. ಸೌತೆಕಾಯಿ, ಟೊಮೇಟೊ, ಈರುಳ್ಳಿಗಳ ಮೇಲೆ ಫೆತಾದ ದಪ್ಪ ಹಲ್ಲೆಯೊಂದನ್ನು ಇಟ್ಟು ತರುತ್ತಾರೆ. ಹಳ್ಳಿಗ ಪೇಟ ಇಟ್ಟುಕೊಂಡೇ ಬಂದ ಎಂದುಕೊಳ್ಳಬಹುದು. ಈ ಹೆಸರು ತಮ್ಮದೇ ಎಂದು ಗ್ರೀಕರು ಹೋರಾಡಿ, 2002ರಲ್ಲಿ ಐರೋಪ್ಯ ಒಕ್ಕೂಟದಿಂದ ಮೀಸಲು ಮಾಡಿಸಿಕೊಂಡರು. ಡೆನ್ಮಾರ್ಕ್, ಜರ್ಮನಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿ 2005ರಲ್ಲಿ ಸೋತವು. ಮೂಲದಲ್ಲಿ ಆ ಮಾತು ಇಟಲಿಯವರದು, ಹೋಳು ಎಂದು ಅರ್ಥ.

ಇಂಗ್ಲಿಷಿನವರು ತಡವರಿಸುವ ಇನ್ನೊಂದು ಹೆಸರು ನಮ್ಮ ಸೌತೆಕಾಯಿ ಮೊಸರುಬಜ್ಜಿಯ ಗ್ರೀಕ್ ತಂಗಿಯದು. ಬೆಳ್ಳುಳ್ಳಿ ಮುಂದಾಗಿರುತ್ತದೆ, ಒಗ್ಗರಣೆ ಇರುವುದಿಲ್ಲ. ಇಂಗ್ಲಿಷಿನಲ್ಲಿ ಟಿ, ಜಡ್ ಎರಡನ್ನೂ ಕೂಡಿಸಿ ಬರೆಯುವುದರಿಂದ ಟ್ಜಾಟ್‌ಜಿಕಿ ಎಂದು ಒದ್ದಾಡುತ್ತಾರೆ. ಮುಂಬಯಿ, ಪುಣೆಯವರಿಗೆ ಇದು ಕಷ್ಟವೇ ಅಲ್ಲ. ಮರಾಠಿಯವರು ‘ಜಾಗಾ’, ‘ಜೋರ್’ ಎನ್ನುವಾಗ ಹಲ್ಲಿನ ಸಂದಿಯಿಂದ ಬರುವ ಆ ಜಕಾರವನ್ನು ನೆನೆದುಕೊಂಡು ‘ಜಾಜೀಕಿ’ ಎಂದರೆ ಮುಗಿಯಿತು. ಬೆಳಗಾವಿ, ಧಾರವಾಡದ ಕಡೆಯವರ ಬಾಯಲ್ಲೂ ಆ ಜಕಾರ ಇದ್ದೇ ಇದೆ.

ಮದರಾಸು ಚೆನ್ನೈ ಆದಮೇಲೆ ಅಲ್ಲಿ ಐದು ವರ್ಷ ಕೆಲಸ ಮಾಡಿದ್ದರಿಂದ ನನಗೆ ಇನ್ನೊಂದು ಗಂಟು ಬಿಚ್ಚಿತು. ಇಂದಿನ ಗ್ರೀಕಿನಲ್ಲಿ ಬೀಟಾ ‘ವ’ ಆಗಿದೆ, ಡೆಲ್ಟಾ ಇಂಗ್ಲಿಷಿನ ‘ದಿಸ್’ ಎಂಬುದರ ದಕಾರವಾಗಿದೆ. ಹಾಗಿದ್ದರೆ ಬಕಾರವನ್ನು ಬರೆಯುವುದು ಹೇಗೆ? ಮಕಾರ, ಪಕಾರ ಸೇರಿಸಿ ಬರೆಯುತ್ತಾರೆ. ಗಟ್ಟಿ ದಕಾರಕ್ಕೆ ನಕಾರ, ತಕಾರ. ತಮಿಳಿನಲ್ಲೂ ಅನುನಾಸಿಕದ ಹಿಂದೆ ಬಂದ ಪಕಾರ ಬಕಾರವಾಗುತ್ತದೆ, ತಕಾರ ದಕಾರವಾಗುತ್ತದೆ. ಆ ಬೋರ್ಡುಗಳನ್ನು ಓದಿ ಪಳಗಿದವನಿಗೆ ಅಥೆನ್ಸಿನ ಅಂಗಡಿಯಲ್ಲಿ ‘ಮ್ಪಕ್ಲವಾಸ್’ ಎಂದು ಬರೆದದ್ದು ಬಕ್ಲವಾ ಎಂದು ಹೊಳೆಯಬೇಕು. ‘ನ್ತೊಲ್ಮಾದೆಸ್’ ಎಂದಿದ್ದರೆ ದೊಲ್ಮಾದೆಸ್, ದ್ರಾಕ್ಷಿಯೆಲೆಯಲ್ಲಿ ಅಕ್ಕಿ ತುಂಬಿ ಸುತ್ತಿದ್ದು.

ಆ ಬಕ್ಲವಾಸ್‌ನ ಕೊನೆಯ ‘ಸ್’ ನನಗೆ ಬಹಳ ಹಿಡಿಸಿತು. ಹೊರಗಿನ ಮಾತು ಒಳಗೆ ಬಂದರೆ ನಾವು ಉಕಾರ ಹಚ್ಚಿ ಬಸ್ಸು, ಕಾರು, ಬ್ಯಾಂಕು ಮಾಡಿಕೊಳ್ಳುವುದಿಲ್ಲವೆ? ಗ್ರೀಕರು ಸಕಾರ ಹಚ್ಚುತ್ತಾರೆ. ಬದನೆಕಾಯಿಯ ಮುಸಾಕಾ ‘ಮುಸಕಾಸ್’ ಆಯಿತು, ಹಲ್ವಾ ‘ಹಲ್ವಾಸ್’ ಆಯಿತು. ಅವರ ರವೆಯ ಹಲ್ವಾಸ್ ನಮ್ಮ ಶಿರಾದ ಖಾಸಾ ದಾಯಾದಿ. ಒಂದು ಪಾಲು ಎಣ್ಣೆ, ಎರಡು ರವೆ, ಮೂರು ಸಕ್ಕರೆ, ನಾಲ್ಕು ನೀರು ಎಂಬ ಲೆಕ್ಕ ಅಲ್ಲಿಯ ಮನೆಮನೆಯ ಹೆಂಗಸರಿಗೂ ಬಾಯಿಪಾಠ. ನಮ್ಮ ಮನೆಯಲ್ಲಿ ಇದನ್ನು ಪ್ರಯೋಗಿಸಿದಾಗ “ತುಪ್ಪ ಇಲ್ಲದ ಶಿರಾನ ಶಿರಾ ಅಂತಾರಾ?” ಎಂಬ ಪ್ರಶ್ನೆ ಬಂತು, ಬಾಣಲೆ ಮಾತ್ರ ಖಾಲಿಯಾಯಿತು.

ಇಷ್ಟೆಲ್ಲ ತಿಳಿದಮೇಲೆ ನಾನು ಹೋಟೆಲಿನಲ್ಲಿ ಯೀರೊಸ್, ಜಾಜೀಕಿ ಎಂದು ಎಲ್ಲರನ್ನೂ ತಿದ್ದುತ್ತ ಕೂರುತ್ತೇನೆಯೆ? ಇಲ್ಲ. ಪರಿಚಾರಕನಿಗೆ ಯಾವುದು ತಿಳಿಯುತ್ತದೋ ಅದನ್ನು ಹೇಳುತ್ತೇನೆ. ಇಡ್ಲಿ ‘ಇಡಲೀ’ ಆದದ್ದನ್ನು, ದೋಸೆ ‘ಡೋಸಾ’ ಆದದ್ದನ್ನು, ದೆಹಲಿಯಲ್ಲಿ ಬಿಸಿಬೇಳೆಬಾತು ‘ಬಿಸಿಬೇಲೆ’ ಆಗಿ ಬಿಸಿಬೇಲಿಯ ಹತ್ತಿರ ಹೋದದ್ದನ್ನು ನಾವು ನಕ್ಕು ಸುಮ್ಮನೆ ಸಹಿಸಿಕೊಂಡಿದ್ದೇವೆ. ಉಡುಪಿಯನ್ನು ‘ಉಡಿಪಿ’ ಮಾಡಿ ನಾವೇ ಬೋರ್ಡು ಹಾಕಿದ್ದೇವೆ. ಹಾಗೆ ಹೇಳಿದವರನ್ನು ಹಸಿದ ಹೊಟ್ಟೆಯಲ್ಲಿ ಎಬ್ಬಿಸಿ ಕಳಿಸಿದ ಉಡುಪಿ ಹೋಟೆಲು ನನಗೆ ಗೊತ್ತಿಲ್ಲ. ನಾಲಿಗೆ ತಿರುಗದಿರುವುದು ಬೇರೆ, ನಾಲಿಗೆ ತಿರುಗದವನನ್ನು ಅಳೆಯುವುದು ಬೇರೆ. ಎರಡನೆಯದು ನಮ್ಮ ಕಚೇರಿಗಳಲ್ಲಿ ಬೇಕಾದಷ್ಟು ನಡೆಯುತ್ತದೆ. ಅಳೆಯುವ ಕೋಲೂ ಸಾಮಾನ್ಯವಾಗಿ ಯಾರದೋ ಕಡ ತಂದದ್ದಾಗಿರುತ್ತದೆ.

ಗ್ರೀಕರೂ ಒಂದು ಕಾಲದಲ್ಲಿ ನಮ್ಮ ಹೆಸರುಗಳ ಮುಂದೆ ಹೀಗೇ ತಡವರಿಸಿದವರು. ನಮ್ಮ ಪಿಪ್ಪಲಿ ಅವರಿಗೆ ‘ಪೆಪೆರಿ’ ಆಯಿತು. ಎರಡನೆಯ ಶತಮಾನದ ಟಾಲೆಮಿ ತನ್ನ ಭೂಗೋಳದಲ್ಲಿ ನಮ್ಮ ಬನವಾಸಿಯನ್ನು ಬರೆಯಲು ಹೊರಟಾಗ ‘ವ’ಕ್ಕೆ ಅಕ್ಷರವಿಲ್ಲದೆ ಸ್ವರಗಳನ್ನು ಪೇರಿಸಿ ಹೇಗೋ ದಾಟಿಸಿದ. ಈಜಿಪ್ಟಿನ ಆಕ್ಸಿರಿಂಕಸ್ಸಿನಲ್ಲಿ ಸಿಕ್ಕಿ 1903ರಲ್ಲಿ ಅಚ್ಚಾದ ಗ್ರೀಕ್ ಪ್ರಹಸನದ ಸಂಗತಿಯಂತೂ ಕನ್ನಡಿಗರು ಬಲ್ಲದ್ದೇ. ಭಾರತದ ಕರಾವಳಿಯ ರಾಜನೊಬ್ಬನಿಗೂ ಅವನ ಕಡೆಯವರಿಗೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ಗ್ರೀಕ್ ಹೆಣ್ಣೊಬ್ಬಳನ್ನು ಬಿಡಿಸಿಕೊಂಡು ಹೋಗುವ ಕಥೆ. ಆ ರಾಜನ ಕಡೆಯವರ ಮಾತು ಕನ್ನಡವೆಂದು 1904ರಲ್ಲಿ ಹುಲ್ಟ್ಜ್ ಹೇಳಿದ. ಶಾಮಾಶಾಸ್ತ್ರಿಗಳೂ ಗೋವಿಂದ ಪೈಗಳೂ ಆ ಜಾಡು ಹಿಡಿದರು. ಅದು ತುಳು ಎಂದವರಿದ್ದಾರೆ, ಬರೀ ಗಳಹು ಎಂದವರೂ ಇದ್ದಾರೆ. ನಾನು ಕನ್ನಡದ ಪಕ್ಷ, ಕಾರಣ ಕೇಳಬೇಡಿ.

ಲೋಕಲ್ ರೈಲಿನಲ್ಲಿ ಹುಡುಗನಿಗೆ ಇದನ್ನೂ ಹೇಳಿದೆ. ಕುರ್ಲಾ ದಾಟುವ ತನಕ ಯೋಚಿಸುತ್ತಿದ್ದು, “ಆ ನಾಟಕದವ್ರು ನಮ್ಮ ಮಾತು ಹ್ಯಾಂಗ ಆಡಿರಬೇಕ್ರಿ ಸರ?” ಎಂದ. ಅವರೂ ಕಾಗದದಲ್ಲಿದ್ದ ಅಕ್ಷರಗಳನ್ನು ಇದ್ದ ಹಾಗೇ ಕೂಡಿಸಿ ಓದಿರಬೇಕು ಎಂದೆ.