ಕನ್ನಡ ಬಾರದ ಹನುಮಂತ

ಮುನಿರಾಬಾದಿನಿಂದ ಗಂಗಾವತಿ ಕಡೆ ಹೊರಟರೆ ಬಂಡೆಗುಡ್ಡಗಳು ಶುರುವಾಗುತ್ತವೆ. ಯಾರೋ ಎತ್ತಿಟ್ಟು ಹೋದ ಹಾಗೆ ಒಂದರ ಮೇಲೊಂದು ಕೂತ ಆ ಕಲ್ಲುಗಳನ್ನು ಕಂಡು ಬೆಳೆದ ಮಗುವಿಗೆ ಕಪಿಸೈನ್ಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆನೆಗೊಂದಿ, ಪಂಪಾಸರೋವರ, 575 ಮೆಟ್ಟಿಲಿನ ಅಂಜನಾದ್ರಿ! ನಮ್ಮ ಮಂದಿಗೆ ಕಿಷ್ಕಿಂಧೆ ಎಂದರೆ ಬಸ್ಸು ಹತ್ತಿ ಹೋಗಿಬರುವ ಊರು. ಹಾಗಾಗಿ ರಾಮಾಯಣದ ಯಾವ ಸಿನಿಮಾ ಬಂದರೂ ನಾನು ಮೊದಲು ಹುಡುಕುವುದು ಹನುಮಂತನನ್ನು.

ಜಪಾನಿನ ಯುಗೋ ಸಾಕೋ ಮತ್ತು ನಮ್ಮ ರಾಮ್ ಮೋಹನ್ ಕೂಡಿ ತೊಂಬತ್ತರ ದಶಕದ ಆರಂಭದಲ್ಲಿ ಮಾಡಿದ ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ ಕಾರ್ಟೂನ್ ಚಿತ್ರಗಳಲ್ಲಿ ನನಗೆ ಬಹಳ ಪ್ರೀತಿಯದು. ಸುಮಾರು ಒಂದು ಲಕ್ಷ ಚಿತ್ರಗಳನ್ನು ಕೈಯಲ್ಲೇ ಬರೆದರಂತೆ. ಕುಂಭಕರ್ಣನ ಭಾಗ ನೋಡಿ. ಎಬ್ಬಿಸುವ ಗದ್ದಲ, ಎದ್ದವನ ಗಾತ್ರ, ಅವನ ಕಾಲ ಬಳಿ ಚುಕ್ಕಿಗಳಂತೆ ಚದುರುವ ಕಪಿಗಳು! ಮಕ್ಕಳು ಹೆದರಬೇಕಾದ ಕಡೆ ಹೆದರಿಸಲು ಈ ಚಿತ್ರ ಹಿಂಜರಿಯುವುದಿಲ್ಲ. ವನರಾಜ್ ಭಾಟಿಯಾ ಅವರ ಸಂಗೀತವೂ ಮಕ್ಕಳ ಸಿನಿಮಾ ಎಂದು ಅಗ್ಗವಾಗಿಲ್ಲ.

ಕೊರತೆಗಳೂ ಇವೆ. ಎರಡೂಕಾಲು ತಾಸಿನಲ್ಲಿ ಇಡೀ ಕತೆ ಮುಗಿಯಬೇಕಾದ್ದರಿಂದ ಅಯೋಧ್ಯೆ ಓಡಿಹೋಗುತ್ತದೆ. ಯುದ್ಧಕ್ಕೆ ಸಿಕ್ಕಷ್ಟು ಜಾಗ ಸೀತೆಯ ಮನಸ್ಸಿಗೆ ಸಿಗಲಿಲ್ಲ. ನನಗೆ ಹೆಚ್ಚು ಕಾಡಿದ್ದು ನಮ್ಮ ನಗೆ ಇಲ್ಲದ್ದು. ನಮ್ಮ ಸೀಮೆಯ ತೊಗಲುಗೊಂಬೆಯಾಟದಲ್ಲಿ ರಾಮ ರಾವಣರ ನಡುವೆಯೇ ಹಾಸ್ಯದ ಗೊಂಬೆಗಳಾದ ಕಿಳ್ಳೇಕ್ಯಾತ, ಬಂಗಾರಕ್ಕ ನುಗ್ಗಿ ಮಂದಿಯನ್ನು ನಗಿಸುತ್ತಾರೆ. ಹದಮಾಡಿದ ತೊಗಲಿನ ಹಿಂದೆ ದೀಪ ಇಟ್ಟೊಡನೆ ಕೆಂಪು, ಹಸಿರು ಬಣ್ಣಗಳು ಒಳಗಿನಿಂದ ಬೆಳಗುತ್ತವೆ. ಉಗುರಿನಷ್ಟು ತೂತುಗಳೇ ಒಡವೆಗಳಾಗಿ ಹೊಳೆಯುತ್ತವೆ. ಪರದೆಯ ಮೇಲೆ ಚಿತ್ರ ಓಡಾಡಿ ಕತೆ ಹೇಳುವುದು ನಮಗೆ ಹೊಸತಲ್ಲ.

ಸಾಕೋ ಅವರ ಈ ಹಳೆಯ ಸಿನಿಮಾ ಎಷ್ಟೋ ವರ್ಷಗಳ ಮೇಲೆ, 2025ರ ಜನವರಿ 24ರಂದು, ಭಾರತದ ಚಿತ್ರಮಂದಿರಗಳಿಗೆ ಬಂತು. ಮರುದಿನವೇ ಕೊಪ್ಪಳ ತಾಲೂಕಿನ ಮೋರನಾಳದ ಹಿರಿಯ ಗೊಂಬೆಯಾಟಗಾರ್ತಿ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ರಾಮಾಯಣ, ಮಹಾಭಾರತಗಳನ್ನು ತೊಗಲಿನಲ್ಲಿ ಆಡಿಸುತ್ತ ಬಾಳಿದ ಜೀವ ಅದು. ಆದರೆ ಸಿನಿಮಾ ಮಾತಾಡಿದ್ದು ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ. ಕಿಷ್ಕಿಂಧೆಯ ಹನುಮಂತನಿಗೆ ಕಿಷ್ಕಿಂಧೆಯ ಭಾಷೆಯೇ ಬರಲಿಲ್ಲ. ನಮ್ಮ ಮಕ್ಕಳು ತಮ್ಮೂರಿನ ಕತೆಯನ್ನು ಬೇರೆ ಭಾಷೆಯಲ್ಲಿ ಕೇಳಬೇಕಾಯಿತು ಎಂದು ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಈ ಚಿತ್ರ ಕನ್ನಡಕ್ಕೆ ಡಬ್ ಆಗಲೇಬೇಕು. ಮಾಡುವವರು ದಯವಿಟ್ಟು ಕೊಪ್ಪಳ ಸೀಮೆಗೆ ಬರಲಿ, ಗೊಂಬೆಯಾಟದ ಮನೆತನಗಳ ದನಿಗಳನ್ನು ಕೇಳಲಿ, ಕಪಿಗಳ ಮಾತನ್ನು ಅವರಿಂದಲೇ ಆಡಿಸಲಿ.