ನೀಲಿಯ ಆಯುಷ್ಯ

ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳಿಗೆ ಅವಳ ಅಣ್ಣ ತನ್ನ ಹಳೆಯ ಫೋನನ್ನು ಕೊಟ್ಟಿದ್ದ. ಬಾಡಿಗೆ ಗಾಡಿ ಓಡಿಸುವ ಆತ ಮೂರು ವರ್ಷ ಅದನ್ನು ಚಾಲಕನ ಮುಂದಿನ ಗಾಜಿಗೆ ಸಿಕ್ಕಿಸಿ, ದಾರಿ ತೋರುವ ನಕಾಶೆಯನ್ನು ಹಗಲಿಡೀ ತೆರೆದಿಟ್ಟಿದ್ದ. ಈಗ ಅವಳು ಅದರಲ್ಲಿ ಹಳಗನ್ನಡದ ಟಿಪ್ಪಣಿ ತೆರೆದರೆ, ಬಿಳಿಯ ಪುಟದ ಮೇಲೂ ಕೆಳಗೂ ನಕಾಶೆಯ ಪಟ್ಟಿಗಳು ನೆರಳಿನಂತೆ ಮೂಡುತ್ತವೆ. ಬಿಳುಪೂ ಬಿಳುಪಾಗಿ ಉಳಿದಿಲ್ಲ. ಹಳೆಯ ಪುಸ್ತಕದ ಹಾಳೆಯಂತೆ ಹಳದಿಗೆ ತಿರುಗಿದೆ. ಬಸ್ ನಿಲ್ದಾಣದ ಬಳಿಯ ದುರಸ್ತಿ ಅಂಗಡಿಯವನು ಒಮ್ಮೆ ನೋಡಿ, "ಒರಿಸಿದ್ರ ಹೋಗೂದಲ್ಲ ಅಕ್ಕಾ, ಡಿಸ್‌ಪ್ಲೇನ ಬದಲಿ ಮಾಡಬೇಕಾಗ್ತದ" ಎಂದ. ಅವನು ಹೇಳಿದ ಬೆಲೆ ಆ ಫೋನಿನ ಬೆಲೆಯನ್ನೇ ಮೀರಿತ್ತು.

ಅದು ಕೊಳೆಯಲ್ಲ, ಸವೆತ. ಹೆಚ್ಚು ಸವೆದದ್ದು ನೀಲಿ.

ಆ ಪರದೆಯ ತಂತ್ರಕ್ಕೆ ಓಎಲ್‌ಇಡಿ, ಅಂದರೆ ಬೆಳಕು ಸೂಸುವ ಸಾವಯವ ಡಯೋಡ್ ಎಂದು ಹೆಸರು. ಸಾವಯವವೆಂದೊಡನೆ ಗೊಬ್ಬರವೂ ಬೆಲ್ಲವೂ ನೆನಪಾಗುವ ಕಾಲವಿದು. ಕನ್ನಡ ಅವಯವವನ್ನು ಹಿಡಿದುಕೊಂಡಿತು. ಮರಾಠಿ ಇಂದ್ರಿಯವನ್ನು ಹಿಡಿದು ಸೇಂದ್ರಿಯ ಎಂದಿತು. ಇಂಥ ವಸ್ತುಗಳು ಜೀವಿಗಳಲ್ಲಿ ಮಾತ್ರ ಹುಟ್ಟುತ್ತವೆಂದು ರಸಾಯನಶಾಸ್ತ್ರ ನಂಬಿದ್ದ ದಿನಗಳ ಗುರುತು ಎರಡು ಪದಗಳಲ್ಲೂ ಉಳಿದಿದೆ. ಇಲ್ಲಿ ಮಾತ್ರ ಅದರ ಅರ್ಥ ಇಂಗಾಲವನ್ನು ಆಧರಿಸಿ ಕಟ್ಟಿದ ಅಣುಗಳು ಎಂದಷ್ಟೆ.

ಇಂಥ ವಸ್ತುವಿನಲ್ಲಿ ವಿದ್ಯುತ್ತು ಹರಿದರೆ ಬೆಳಕು ಹೊಮ್ಮುವುದನ್ನು ನ್ಯೂಯಾರ್ಕಿನಲ್ಲಿ ಮಾರ್ಟಿನ್ ಪೋಪ್ ಮತ್ತು ಸಂಗಡಿಗರು 1963ರಲ್ಲಿಯೇ ಆಂಥ್ರಸೀನ್ ಹರಳಿನಲ್ಲಿ ಕಂಡಿದ್ದರು. ಆದರೆ ಅದಕ್ಕೆ ನೂರಾರು ವೋಲ್ಟ್ ಬೇಕಾಗಿತ್ತು. ಅಂಥ ದೀಪವನ್ನು ಅಂಗೈಯಲ್ಲಿ ಹಿಡಿಯುವವರಾರು? ಇದಕ್ಕೆ ದಾರಿ ತೆರೆದವರು ಹಾಂಗ್‌ಕಾಂಗಿನಲ್ಲಿ ಹುಟ್ಟಿ, ಅಮೆರಿಕದ ಕಾರ್ನೆಲ್‌ನಲ್ಲಿ ಡಾಕ್ಟರೇಟ್ ಪಡೆದು, 1975ರಲ್ಲಿ ರಾಚೆಸ್ಟರ್ ನಗರದ ಕೊಡ್ಯಾಕ್ ಸಂಸ್ಥೆ ಸೇರಿದ ಚಿಂಗ್ ಟ್ಯಾಂಗ್. ಅವರು ಅಲ್ಲಿ ಹುಡುಕುತ್ತಿದ್ದುದು ಬೆಳಕಿನಿಂದ ವಿದ್ಯುತ್ತು ಪಡೆಯುವ ಸಾವಯವ ಸೌರಕೋಶವನ್ನು. ಎರಡು ಭಿನ್ನ ಪದರಗಳನ್ನು ಒಂದರ ಮೇಲೊಂದು ಇಟ್ಟರೆ ಕೆಲಸ ಸುಗಮವಾಗುತ್ತದೆಂಬುದು ಅಲ್ಲಿ ದೊರೆತ ಪಾಠ. ಅದೇ ಪಾಠವನ್ನು ತಿರುಗುಮುರುಗಾಗಿಸಿ, ವಿದ್ಯುತ್ತು ಕೊಟ್ಟು ಬೆಳಕು ಪಡೆಯುವ ಸಾಧನವನ್ನು ಅವರೂ ಸ್ಟೀವನ್ ವ್ಯಾನ್ ಸ್ಲೈಕ್ ಅವರೂ 1987ರಲ್ಲಿ ಪ್ರಕಟಿಸಿದರು. ಕೂದಲೆಳೆಗಿಂತ ನೂರಾರು ಪಟ್ಟು ತೆಳುವಾದ ಪದರಗಳು, ಹತ್ತು ವೋಲ್ಟಿಗಿಂತ ಕಡಿಮೆ ಒತ್ತಡ, ಕಣ್ಣಿಗೆ ಹಿತವಾದ ಹಸಿರು. ದಕ್ಷತೆ ಮಾತ್ರ ಸುಮಾರು ಶೇಕಡ 1: ನೂರು ಇಲೆಕ್ಟ್ರಾನುಗಳನ್ನು ಕಳುಹಿಸಿದರೆ ಹೊರಬರುತ್ತಿದ್ದುದು ಬೆಳಕಿನ ಒಂದೇ ಕಣ. ಫಿಲ್ಮ್ ಸುರುಳಿಯನ್ನು ಮಾರಿ ಬದುಕುತ್ತಿದ್ದ ಸಂಸ್ಥೆಯೊಳಗೇ ಫಿಲ್ಮ್ ಇಲ್ಲದ ಕಾಲದ ಪರದೆ ಹುಟ್ಟಿತೆಂಬುದು ಇತಿಹಾಸದ ಕುಚೇಷ್ಟೆ.

ಉಳಿದ ತೊಂಬತ್ತೊಂಬತ್ತು ಎಲ್ಲಿ ಹೋದವು? ಒಂದು ಕಡೆಯಿಂದ ಇಲೆಕ್ಟ್ರಾನು, ಇನ್ನೊಂದು ಕಡೆಯಿಂದ ಇಲೆಕ್ಟ್ರಾನಿಲ್ಲದ ತೆರವು ಬಂದು ಅಣುವಿನಲ್ಲಿ ಸಂಧಿಸುತ್ತವೆ. ಇಂಥ ನಾಲ್ಕು ಜೋಡಿಗಳಲ್ಲಿ ಸರಾಸರಿ ಒಂದಕ್ಕೆ ಮಾತ್ರ ತಕ್ಷಣ ಬೆಳಗುವ ಯೋಗ. ಉಳಿದ ಮೂರು ಸಾಮಾನ್ಯ ಅಣುಗಳಲ್ಲಿ ಬಿಸಿಯಾಗಿ ಕರಗಿಹೋಗುತ್ತವೆ. ಹುಟ್ಟಿದ ಬೆಳಕಿನಲ್ಲಿಯೂ ಸುಮಾರು ಐದರಲ್ಲಿ ನಾಲ್ಕು ಪಾಲು ಪದರಗಳಲ್ಲಿಯೂ ಗಾಜಿನಲ್ಲಿಯೂ ಪ್ರತಿಫಲಿಸುತ್ತ ಒಳಗೇ ಸೆರೆಯಾಗುತ್ತದೆ. ಪ್ರಿನ್ಸ್‌ಟನ್ನಿನ ಸ್ಟೀಫನ್ ಫಾರೆಸ್ಟ್ ಮತ್ತು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾರ್ಕ್ ಥಾಂಪ್ಸನ್ ಅವರ ತಂಡಗಳು 1998ರಲ್ಲಿ ಅಣುವಿನ ನಡುವೆ ಪ್ಲಾಟಿನಂ ಪರಮಾಣುವನ್ನು ಕೂರಿಸಿದವು. ಮುಂದೆ ಇರಿಡಿಯಂ ಬಂದಿತು. ಭಾರವಾದ ಲೋಹದ ಸಾನ್ನಿಧ್ಯದಲ್ಲಿ ಆ ಮೂರು ಜೋಡಿಗಳೂ ಬೆಳಗಿದವು. 2012ರಲ್ಲಿ ಜಪಾನಿನ ಕ್ಯೂಶೂ ವಿಶ್ವವಿದ್ಯಾಲಯದ ಚಿಹಾಯಾ ಅಡಾಚಿ ಮತ್ತು ಸಂಗಡಿಗರು ದುಬಾರಿ ಲೋಹವಿಲ್ಲದೆ, ಕೋಣೆಯ ಬಿಸಿಯನ್ನೇ ಬಳಸಿಕೊಂಡು ಆ ಮೂರನ್ನೂ ಮೊದಲಿನ ದಾರಿಗೆ ಹತ್ತಿಸುವ ಅಣುಗಳನ್ನು ರೂಪಿಸಿದರು.

ಕೆಂಪೂ ಹಸಿರೂ ಹೀಗೆ ಗೆದ್ದವು. ನೀಲಿ ಗೆಲ್ಲಲಿಲ್ಲ. ಅದರ ಪ್ರತಿ ಕಣಕ್ಕೂ ಹೆಚ್ಚು ಶಕ್ತಿ ಬೇಕು; ಲೋಹದ ಅಣುವಿನಲ್ಲಿ ಅಷ್ಟು ಶಕ್ತಿ ಬೆಳಕಾಗುವ ಮುನ್ನ ದೀರ್ಘಕಾಲ, ಎಂದರೆ ಮೈಕ್ರೋಸೆಕೆಂಡುಗಳಷ್ಟು, ಕಾದು ಕೂರಬೇಕು. ಅಷ್ಟರಲ್ಲಿ ಅಂಥ ಎರಡು ಕೂಡಿಕೊಂಡರೆ ಅಣುವಿನ ಬಂಧವನ್ನೇ ಮುರಿಯುವಷ್ಟು ಬಲ ಬರುತ್ತದೆ. ಆದ್ದರಿಂದ ಫೋನು ತಯಾರಕರು ಕೆಂಪು, ಹಸಿರುಗಳಿಗೆ ಲೋಹದ ಅಣುಗಳನ್ನು ಬಳಸಿದರೂ ನೀಲಿಗೆ ಹಳೆಯ, ಕಡಿಮೆ ದಕ್ಷತೆಯ, ಆದರೆ ತುಸು ಬಾಳುವ ಅಣುಗಳನ್ನೇ ಇಟ್ಟುಕೊಂಡು ಬಂದರು. ದಕ್ಷತೆ ಕಡಿಮೆಯಾದುದರಿಂದ ಅದಕ್ಕೆ ಹೆಚ್ಚು ವಿದ್ಯುತ್ತು ಉಣಿಸಬೇಕು. ಹೆಚ್ಚು ಉಣ್ಣುವುದು ಬೇಗ ಸವೆಯುತ್ತದೆ. ನೀಲಿಯ ಚುಕ್ಕೆಯನ್ನು ಉಳಿದವುಗಳಿಗಿಂತ ದೊಡ್ಡದಾಗಿ ಮಾಡುವುದು ಇದಕ್ಕೆ ಕಂಡುಕೊಂಡ ಉಪಾಯಗಳಲ್ಲೊಂದು. ಉಪಾಯವೇ ಹೊರತು ಪರಿಹಾರವಲ್ಲ.

ಬಣ್ಣದ ಶುದ್ಧತೆಯ ಪ್ರಶ್ನೆ ಬೇರೆ. ಸಾವಯವ ಅಣುವಿನ ಬೆಳಕು ಸಾಮಾನ್ಯವಾಗಿ ಅಕ್ಕಪಕ್ಕದ ಬಣ್ಣಗಳಿಗೂ ಹರಡಿಕೊಳ್ಳುತ್ತದೆ. ಹರಡಿದ್ದನ್ನು ಸೋಸಿದರೆ ಬಣ್ಣ ಶುದ್ಧವಾಗುತ್ತದೆ, ಆದರೆ ಸೋಸಿ ಚೆಲ್ಲಿದ್ದೆಲ್ಲ ನಷ್ಟ. 2016ರಲ್ಲಿ ಜಪಾನಿನ ತಕುಜಿ ಹತಕೆಯಾಮಾ ಮತ್ತು ಸಂಗಡಿಗರು ಬೋರಾನ್, ನೈಟ್ರೋಜನ್‌ಗಳನ್ನು ಬಿಗಿಯಾದ ಉಂಗುರಗಳಲ್ಲಿ ಜೋಡಿಸಿ, ಅಲುಗಾಟ ಕಡಿಮೆಯಾದ ಅಣುವನ್ನು ಕಟ್ಟಿದರು. ಅದರ ನೀಲಿಯ ಹರವು ಕೇವಲ 28 ನ್ಯಾನೋಮೀಟರ್. ಸೋಸುವ ಅಗತ್ಯವೇ ಬಹುಮಟ್ಟಿಗೆ ತಪ್ಪಿತು. ಆದರೆ ಶುದ್ಧತೆ, ದಕ್ಷತೆ, ಆಯುಷ್ಯ ಮೂರೂ ಒಂದೇ ನೀಲಿ ಅಣುವಿನಲ್ಲಿ ಕೂಡಿಬರುವುದು ಈ ಕ್ಷೇತ್ರದ ಅತಿ ಕಠಿಣ ಕೆಲಸವಾಗಿಯೇ ಮುಂದುವರಿದಿದೆ.

ವಿದ್ಯಾರ್ಥಿನಿ ಪರದೆಯನ್ನು ಬದಲಿಸಲಿಲ್ಲ. ಟಿಪ್ಪಣಿಗೆ ಕಪ್ಪು ಹಿನ್ನೆಲೆ, ತಿಳಿ ಅಕ್ಷರ ಆರಿಸಿಕೊಂಡಳು. ಇಂಥ ಪರದೆಯಲ್ಲಿ ಕಪ್ಪೆಂದರೆ ದೀಪ ಆರಿಸಿದಂತೆಯೇ. ಆರಿದ ಚುಕ್ಕೆ ಸವೆಯುವುದಿಲ್ಲ, ಸವೆದದ್ದು ಕಾಣುವುದೂ ಇಲ್ಲ. ಮೇಲಿನ ಪಟ್ಟಿಯ ಜಾಗದಲ್ಲಿ ಹಾಯುವ ಸಾಲಿನ ಅಕ್ಷರಗಳು ಮಾತ್ರ ಉಳಿದವಕ್ಕಿಂತ ಕೊಂಚ ಹಳದಿ.